ಅಪ್ಪನಿಗೆ ಕಾಣದ ಅಳು

ಬಳ್ಳಾರಿಯಲ್ಲಿ ಸಂಜೆ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಕೋಳಿ ಕೂಗುವ ಹೊತ್ತಿಗೆ ವಿಜಯವಾಡ. ಅಕ್ಕನ ಮಡಿಲಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಬಾವನ ಕೈಯಲ್ಲಿ ಹೊಸ ಚಪ್ಪಲಿಯ ಚೀಲ. ಇಬ್ಬರೂ ರಾತ್ರಿಯಿಡೀ ಸರಿಯಾಗಿ ಮಲಗಿರಲಿಲ್ಲ. ಅವರ ಒಬ್ಬನೇ ಮಗ ಗನ್ನವರಂ ದಾರಿಯ ಒಂದು ರೆಸಿಡೆನ್ಷಿಯಲ್ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದಾನೆ. ಅಂದು ಅವನಿಗೆ ತಿಂಗಳ ಔಟಿಂಗ್. ಬೆಳಗ್ಗೆ ಒಂಬತ್ತಕ್ಕೆ ಬಿಡುತ್ತಾರೆ, ಸಂಜೆ ಐದಕ್ಕೆ ಗೇಟಿನ ಒಳಗಿರಬೇಕು.

ವಿಜಯವಾಡದಿಂದ ಗನ್ನವರಂಗೆ ಹೋಗುವ ದಾರಿ ಚೆನ್ನೈ–ಕೋಲ್ಕತ್ತ ಹೆದ್ದಾರಿ. ರಾಮವರಪ್ಪಾಡು, ಎನಿಕೆಪಾಡು, ನಿಡಮಾನೂರು, ಗೂಡವಲ್ಲಿ, ಕೇಸರಪಲ್ಲಿ ದಾಟಿದರೆ ವಿಮಾನ ನಿಲ್ದಾಣ. ದಾರಿಯುದ್ದಕ್ಕೂ ರ‍್ಯಾಂಕ್ ಬಂದ ಮಕ್ಕಳ ಫ್ಲೆಕ್ಸುಗಳು. ನೂರಾರು ಮುಖಗಳು, ಪ್ರತಿ ಮುಖದ ಕೆಳಗೆ ಒಂದು ಅಂಕಿ. ಗೇಟಿನ ಹೊರಗೆ ಮರದ ನೆರಳಿನಲ್ಲಿ ಟವೆಲ್ ಹಾಸಿ, ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಕೂತ ತಂದೆತಾಯಿಯರು. ತೆಲುಗು ಮಾತಿನ ನಡುವೆ ರಾಯಚೂರಿನ ಕನ್ನಡವೂ ಕಿವಿಗೆ ಬಿತ್ತು.

ಹುಡುಗ ಹೊರಗೆ ಬಂದ. ಮೂರು ತಿಂಗಳ ಹಿಂದೆ ನೋಡಿದ್ದಕ್ಕಿಂತ ಎತ್ತರವಾಗಿದ್ದ, ಬಡವಾಗಿದ್ದ.

“ಹೆಂಗಿದ್ದೀಯೋ?” ಅಂದಳು ಅಕ್ಕ.

“ಆರಾಮ್ ಇದ್ದೀನಮ್ಮ.”

“ಊಟ ಸರಿ ಮಾಡ್ತೀಯಾ?”

“ಆರಾಮ್ ಇದ್ದೀನಮ್ಮ.”

ಎರಡನೆಯ ಉತ್ತರ ಪ್ರಶ್ನೆಗೆ ಹೊಂದುವುದಿಲ್ಲ ಎಂಬುದು ನಮ್ಮ ಯಾರ ಗಮನಕ್ಕೂ ಆಗ ಬರಲಿಲ್ಲ. ಪ್ರತಿ ಭಾನುವಾರದ ಫೋನಿನಲ್ಲೂ ಅವನು ಹೇಳುತ್ತಿದ್ದುದು ಇದನ್ನೇ. ವಾರ್ಡನ್ ಮುಂದೆ, ಹಿಂದೆ ಸಾಲು ನಿಂತಿರುವಾಗ, ಐದು ನಿಮಿಷದಲ್ಲಿ ಮುಗಿಸಬೇಕಾದ ಮಾತು. ಅದರಲ್ಲಿ ಇದಕ್ಕಿಂತ ಹೆಚ್ಚಿನದಕ್ಕೆ ಜಾಗವಿಲ್ಲ.

ಮಲಗಲಿ ಎಂದು ಅವನಿಗಾಗಿ ಲಾಡ್ಜಿನಲ್ಲಿ ರೂಮು ಹಿಡಿದಿದ್ದೆವು. ಅವನಿಗೆ ನಿದ್ದೆ ಬೇಕಿರಲಿಲ್ಲ. “ಮಾಮ, ಲ್ಯಾಪ್‌ಟಾಪ್‌ನಾಗೆ ಒಂದು ಸಿನಿಮಾ ಹಾಕ್ರಿ” ಅಂದ. ನನ್ನ ಬಳಿ ಇದ್ದದ್ದು ಲೇಖನವೊಂದಕ್ಕಾಗಿ ಇಟ್ಟುಕೊಂಡಿದ್ದ ‘ಈಕ್ವಿಲಿಬ್ರಿಯಂ’. ಹಾಕಿದೆ. ಅಂದು ಮಧ್ಯಾಹ್ನ ಆ ರೂಮಿನಲ್ಲಿ ನಡೆದದ್ದು ಈ ಲೇಖನವನ್ನು ನಾನು ಅಂದುಕೊಂಡಿದ್ದಕ್ಕಿಂತ ಬೇರೆ ದಾರಿಗೆ ಒಯ್ದಿತು.

ಅಳುವುದೇ ಅಪರಾಧವಾದ ಊರು

ಕರ್ಟ್ ವಿಮ್ಮರ್ ಬರೆದು ನಿರ್ದೇಶಿಸಿದ ‘ಈಕ್ವಿಲಿಬ್ರಿಯಂ’ 2002ರ ಡಿಸೆಂಬರಿನಲ್ಲಿ ತೆರೆಗೆ ಬಂತು. ಕಥೆ ನಡೆಯುವುದು ಮೂರನೆಯ ಮಹಾಯುದ್ಧದ ನಂತರ. ಬದುಕುಳಿದವರು ಒಂದು ತೀರ್ಮಾನಕ್ಕೆ ಬರುತ್ತಾರೆ: ಯುದ್ಧಕ್ಕೆ ಮೂಲ ದ್ವೇಷ, ದ್ವೇಷಕ್ಕೆ ಮೂಲ ಭಾವನೆ, ಆದ್ದರಿಂದ ಭಾವನೆಯನ್ನೇ ಕಿತ್ತುಹಾಕೋಣ. ಲಿಬ್ರಿಯಾ ಎಂಬ ಆ ನಗರದಲ್ಲಿ ಎಲ್ಲರೂ ‘ಪ್ರೋಜಿಯಂ’ ಎಂಬ ಔಷಧವನ್ನು ಹೊತ್ತುಹೊತ್ತಿಗೆ ಚುಚ್ಚಿಕೊಳ್ಳಬೇಕು. ಸಂತೋಷವಿಲ್ಲ, ದುಃಖವಿಲ್ಲ, ಮತ್ಸರವಿಲ್ಲ, ಮರುಕವೂ ಇಲ್ಲ. ಹಾಡು, ಚಿತ್ರ, ಕವಿತೆ ಇಟ್ಟುಕೊಂಡವರು ಅಪರಾಧಿಗಳು. ಸಿನಿಮಾದ ಆರಂಭದಲ್ಲೇ ಮೋನಾಲಿಸಾ ಚಿತ್ರಕ್ಕೆ ಬೆಂಕಿ ಇಡುತ್ತಾರೆ. ಆಳುವವನ ಹೆಸರು ‘ಫಾದರ್’, ಅಂದರೆ ತಂದೆ. ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಂಥ ಬೃಹತ್ ಕಟ್ಟಡಗಳಲ್ಲಿ ಚಿತ್ರೀಕರಣ ನಡೆದದ್ದರಿಂದ ಮನುಷ್ಯರು ಗೋಡೆಗಳ ಮುಂದೆ ಇರುವೆಗಳಂತೆ ಕಾಣುತ್ತಾರೆ.

ಕ್ರಿಶ್ಚಿಯನ್ ಬೇಲ್ ನಟಿಸಿದ ಜಾನ್ ಪ್ರೆಸ್ಟನ್ ಭಾವಾಪರಾಧಿಗಳನ್ನು ಹುಡುಕಿ ಕೊಲ್ಲುವ ಅಧಿಕಾರಿ. ಹೆಂಡತಿಯನ್ನು ಅದೇ ಅಪರಾಧಕ್ಕೆ ಎಳೆದುಕೊಂಡು ಹೋದಾಗ ಅವನು ಸುಮ್ಮನೆ ನೋಡುತ್ತಾ ನಿಂತಿದ್ದವನು. ಕವಿತೆ ಪುಸ್ತಕ ಬಚ್ಚಿಟ್ಟುಕೊಂಡ ತನ್ನ ಜೊತೆಗಾರನನ್ನೂ ತಾನೇ ಗುಂಡಿಕ್ಕಿ ಕೊಲ್ಲುತ್ತಾನೆ. ಒಂದು ಬೆಳಗ್ಗೆ ಔಷಧದ ಶೀಷೆ ಕೈಜಾರಿ ಒಡೆಯುತ್ತದೆ. ಅವತ್ತಿನಿಂದ ಅವನಿಗೆ ಒಂದೊಂದೇ ಗೊತ್ತಾಗತೊಡಗುತ್ತದೆ: ಕಿಟಕಿಯಾಚೆಯ ಬೆಳಕು, ಗ್ರಾಮಫೋನಿನಲ್ಲಿ ಬೀಥೋವನ್, ಒಂದು ನಾಯಿಮರಿಯ ಬಿಸುಪು.

ಇಪ್ಪತ್ತು ವರ್ಷದ ಹಿಂದೆ ಮೊದಲ ಸಲ ನೋಡಿದಾಗ ನನ್ನ ತಲೆಯಲ್ಲಿ ಉಳಿದದ್ದು ಪಿಸ್ತೂಲು ಹಿಡಿದು ನೃತ್ಯದಂತೆ ಮಾಡುವ ಹೊಡೆದಾಟಗಳು ಮಾತ್ರ. ಕಥೆಯ ಮೂಲಗಳು ಹಳೆಯವು. ಆಲ್ಡಸ್ ಹಕ್ಸ್ಲಿ 1932ರ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ನೋವು ಮರೆಸುವ ಸೋಮ ಎಂಬ ಗುಳಿಗೆಯನ್ನು ಕಲ್ಪಿಸಿದ್ದರು. ರೇ ಬ್ರಾಡ್ಬರಿಯ 1953ರ ‘ಫ್ಯಾರನ್‌ಹೀಟ್ 451’ರಲ್ಲಿ ಪುಸ್ತಕ ಸುಡುವುದೇ ಅಗ್ನಿಶಾಮಕರ ಕೆಲಸ. ಗೊಡಾರ್ 1965ರಲ್ಲಿ ಮಾಡಿದ ‘ಆಲ್ಫಾವಿಲ್’ ಚಿತ್ರದಲ್ಲಿ ಹೆಂಡತಿ ಸತ್ತಾಗ ಅತ್ತ ತಪ್ಪಿಗೆ ಒಬ್ಬನಿಗೆ ಮರಣದಂಡನೆ. ಜಾರ್ಜ್ ಲೂಕಸ್ 1971ರಲ್ಲಿ ಮಾಡಿದ ಮೊದಲ ಚಿತ್ರ ‘ಟಿಎಚ್‌ಎಕ್ಸ್ 1138’ರಲ್ಲಿ ಜನರಿಗೆ ಹೆಸರಿನ ಬದಲು ಅಕ್ಷರ ಮತ್ತು ಅಂಕಿ, ಜೊತೆಗೆ ಕಡ್ಡಾಯ ಮಾತ್ರೆ. ಈ ಕಥೆಗಳಲ್ಲೆಲ್ಲ ಮತ್ತೆಮತ್ತೆ ಕೇಳುವ ಮಾತು ಒಂದೇ: ಇದು ನಿಮ್ಮ ಒಳ್ಳೆಯದಕ್ಕೆ.

‘ಈಕ್ವಿಲಿಬ್ರಿಯಂ’ನಲ್ಲಿ ಈ ಸಲ ನನ್ನ ಕಣ್ಣಿಗೆ ಬಿದ್ದದ್ದು ಪ್ರೆಸ್ಟನ್ನನ ಮಗ. ಹತ್ತು ವರ್ಷದ ಆಸುಪಾಸಿನ ಹುಡುಗ. ಕಲ್ಲಿನಂಥ ಮುಖ. ಶಾಲೆಯಲ್ಲಿ ಜೊತೆಯವನೊಬ್ಬ ಅಳುವುದನ್ನು ಕಂಡೆ, ದೂರು ಕೊಡಲೇ ಎಂದು ಅಪ್ಪನನ್ನು ಕೇಳುತ್ತಾನೆ. ಖಂಡಿತ ಕೊಡು ಎನ್ನುತ್ತಾನೆ ಅಪ್ಪ. ಮಗ ತನಗಿಂತಲೂ ಗಟ್ಟಿಯಾಗಿ ಬೆಳೆಯುತ್ತಿದ್ದಾನೆ ಎಂದೇ ಅಪ್ಪನ ಎಣಿಕೆ. ಕೊನೆಗೆ ಗೊತ್ತಾಗುವ ಸತ್ಯವೇ ಬೇರೆ. ತಾಯಿಯನ್ನು ಎಳೆದೊಯ್ದಂದಿನಿಂದ ಆ ಹುಡುಗ ಔಷಧ ತೆಗೆದುಕೊಂಡೇ ಇಲ್ಲ. ತಂಗಿಯೂ ಅಷ್ಟೆ. ಅಷ್ಟು ವರ್ಷ ಎಲ್ಲ ನೋವನ್ನೂ ಅನುಭವಿಸುತ್ತಾ, ಅಪ್ಪನ ಎದುರೇ ಊಟ ಮಾಡುತ್ತಾ, ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ ಆ ಮಕ್ಕಳು ಬದುಕಿದ್ದರು.

ಆ ದೃಶ್ಯ ಮುಗಿದಾಗ ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗ ಮೆಲ್ಲಗೆ ಅಂದ:

“ಮಾಮ, ಆ ಹುಡುಗ ಭಾರೀ ಹುಷಾರಿ. ಅಪ್ಪಗ ಗೊತ್ತೇ ಆಗ್ಲಿಲ್ಲ ನೋಡ್ರಿ.”

ಮಂಚದ ತುದಿಯಲ್ಲಿದ್ದ ಬಾವ ಫೋನಿನಿಂದ ತಲೆ ಎತ್ತಿದರು. ಅಕ್ಕ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ಕೂತಳು. ಯಾರೂ ಮಾತಾಡಲಿಲ್ಲ. ಹುಡುಗ ಎದ್ದು ಮುಖ ತೊಳೆಯಲು ಹೋದವನು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ಇದ್ದ.

ಯಂತ್ರಕ್ಕೆ ಮನಸ್ಸು ಬಂದ ವರ್ಷ

ಅದೇ 2002ರಲ್ಲಿ ಕನ್ನಡದಲ್ಲೂ ಇಂಥದೊಂದು ಕಥೆ ಬಂದಿತ್ತು, ತಿರುವುಮುರುವಾಗಿ. ಉಪೇಂದ್ರ ಬರೆದು ನಟಿಸಿದ, ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’. ಅದರಲ್ಲಿ ಮನುಷ್ಯನೊಬ್ಬ ತನ್ನದೇ ರೂಪದ ಯಂತ್ರಮಾನವನನ್ನು ಮಾಡುತ್ತಾನೆ, ಆ ಯಂತ್ರ ಪ್ರೀತಿಸಲು ಕಲಿಯುತ್ತದೆ. ಅಲ್ಲಿ ಮನುಷ್ಯ ಯಂತ್ರವಾದ, ಇಲ್ಲಿ ಯಂತ್ರ ಮನುಷ್ಯನಾಯಿತು. ಭಾವನೆಯಿಲ್ಲದ ಜೀವವನ್ನು ಕಲ್ಪಿಸಿಕೊಂಡ ಕೂಡಲೇ ಅದಕ್ಕೆ ಭಾವನೆ ಕೊಡಬೇಕೆನ್ನಿಸಿತಲ್ಲ, ನಮ್ಮ ಸಿನಿಮಾದ ಆ ತುಡಿತ ನನಗೆ ಇಷ್ಟ.

ತೆಲುಗಿನಲ್ಲಿ ನಾಳೆಯ ಲೋಕದ ಕಥೆಗೆ ಬಾಗಿಲು ತೆರೆದವರು ‘ಹಾಲು ಜೇನು’, ‘ಪುಷ್ಪಕ ವಿಮಾನ’ಗಳಿಂದ ಕನ್ನಡಿಗರಿಗೂ ನೆಂಟರಾದ ಸಿಂಗೀತಂ ಶ್ರೀನಿವಾಸರಾವ್. 1991ರ ಅವರ ‘ಆದಿತ್ಯ 369’ ಕೃಷ್ಣದೇವರಾಯನ ಆಸ್ಥಾನಕ್ಕೂ ಹೋಗುತ್ತದೆ, ಯುದ್ಧದಲ್ಲಿ ಬೆಂದುಹೋದ ಮುಂದಿನ ಲೋಕಕ್ಕೂ ಹೋಗುತ್ತದೆ. 2024ರ ಜೂನ್ 27ರಂದು ತೆರೆಕಂಡ ನಾಗ್ ಅಶ್ವಿನ್ ಅವರ ‘ಕಲ್ಕಿ 2898 ಎಡಿ’ಗೂ ಈ ಹಿರಿಯರು ಮಾರ್ಗದರ್ಶಕರಾಗಿದ್ದರು. ಅದರ ನಿರ್ಮಾಪಕ ಸಿ. ಅಶ್ವನಿ ದತ್ ವಿಜಯವಾಡದವರು, ಗನ್ನವರಂ ವಿಮಾನ ನಿಲ್ದಾಣದ ವಿಸ್ತರಣೆಗೆ ಭೂಮಿ ಕೊಟ್ಟವರಲ್ಲಿ ಒಬ್ಬರು. ‘ಕಲ್ಕಿ’ಯಲ್ಲಿ ಮೇಲೆ ಕಾಂಪ್ಲೆಕ್ಸ್ ಎಂಬ ಉಳ್ಳವರ ಲೋಕ, ಕೆಳಗೆ ಒಣಗಿದ ಕಾಶಿ. ಕಾಂಪ್ಲೆಕ್ಸಿನಲ್ಲಿ ಬಂದಿಯಾದ ಹೆಣ್ಣುಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ದೀಪಿಕಾ ಪಡುಕೋಣೆಯ ಪಾತ್ರ ಸಮ್-80. ತಪ್ಪಿಸಿಕೊಂಡು ಹೊರಬಂದ ಮೇಲೆ ಅವಳಿಗೊಂದು ಹೆಸರು ಸಿಗುತ್ತದೆ: ಸುಮತಿ. ಆ ಚಿತ್ರದ ಅಬ್ಬರಗಳ ನಡುವೆ ನನ್ನ ಮನಸ್ಸಿನಲ್ಲಿ ನಿಂತದ್ದು ಇದೊಂದು. ಸಂಖ್ಯೆಯಾಗಿದ್ದವಳನ್ನು ಯಾರೋ ಹೆಸರು ಹಿಡಿದು ಕರೆದರು.

ಹೆದ್ದಾರಿಯ ಫ್ಲೆಕ್ಸುಗಳಲ್ಲಿ ಹೆಸರಿಗಿಂತ ದೊಡ್ಡದಾಗಿ ಅಚ್ಚಾದ ಅಂಕಿಗಳು ಮತ್ತೆ ಕಣ್ಣಮುಂದೆ ಬಂದವು.

ಮುಖದಲ್ಲಿ ಭಾವ ಬಿಡಿಸಿದ ಜಿಲ್ಲೆ

ಗನ್ನವರಂ ಇರುವುದು ಕೃಷ್ಣಾ ಜಿಲ್ಲೆಯಲ್ಲಿ. ಇದೇ ಜಿಲ್ಲೆಯ ಮೊವ್ವ ಮಂಡಲದಲ್ಲಿ ಕೂಚಿಪೂಡಿ ಎಂಬ ಹಳ್ಳಿಯಿದೆ. ಜಗತ್ತಿಗೆ ಒಂದು ನೃತ್ಯವನ್ನು ಕೊಟ್ಟ ಊರು. ಪಕ್ಕದ ಮೊವ್ವ ಊರಿನ ಗೋಪಾಲನನ್ನು ಅಂಕಿತ ಮಾಡಿಕೊಂಡು ಕ್ಷೇತ್ರಯ್ಯ ಪದಗಳನ್ನು ಕಟ್ಟಿದ. ಪ್ರೀತಿ, ಮುನಿಸು, ಕಾಯುವಿಕೆ, ಹೊಟ್ಟೆಕಿಚ್ಚು ಒಂದನ್ನೂ ಬಿಡದೆ ಹಾಡಿದ.

ಕೂಚಿಪೂಡಿಯ ಮುಕುಟ ‘ಭಾಮಾಕಲಾಪಂ’. ಸಿದ್ಧೇಂದ್ರ ಯೋಗಿ ರಚಿಸಿದ್ದು ಎಂದು ಪರಂಪರೆ ಹೇಳುತ್ತದೆ. ಸತ್ಯಭಾಮೆ ತೆರೆಯ ಮೇಲಿಂದ ತನ್ನ ಜಡೆಯನ್ನು ಇಳಿಬಿಟ್ಟು ರಂಗಕ್ಕೆ ಬರುತ್ತಾಳೆ. ಅವಳ ಹಮ್ಮು, ವಿರಹ, ಸಿಟ್ಟು, ಕೊನೆಗೆ ಕರಗುವ ಬಗೆ, ಇಷ್ಟೇ ಆ ಕಥೆ. ಈ ಸತ್ಯಭಾಮೆಯನ್ನು ತಲೆಮಾರುಗಳಿಂದ ಆಡಿದವರು ಗಂಡಸರು. ವೇದಾಂತಂ ಸತ್ಯನಾರಾಯಣ ಶರ್ಮರು ಅದರಲ್ಲೇ ಹೆಸರಾದರು. ನಮ್ಮ ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಮೀಸೆ ಮೂಡುವ ವಯಸ್ಸಿನ ಹುಡುಗರಿಗೆ ಒಬ್ಬ ಹೆಣ್ಣಿನ ಎದೆಯೊಳಗಿನ ತಳಮಳವನ್ನು ಕಣ್ಣಿನಲ್ಲಿ, ಹುಬ್ಬಿನಲ್ಲಿ, ಕೆನ್ನೆಯ ಅದುರಿನಲ್ಲಿ ತೋರಿಸುವುದನ್ನು ಗುರುಗಳು ವರ್ಷಗಟ್ಟಲೆ ಕಲಿಸುತ್ತಿದ್ದರು.

ಭರತನ ನಾಟ್ಯಶಾಸ್ತ್ರ ಎಂಟು ಸ್ಥಾಯಿಭಾವಗಳನ್ನು ಹೇಳುತ್ತದೆ. ರತಿ, ಹಾಸ, ಉತ್ಸಾಹ, ವಿಸ್ಮಯಗಳ ಪಂಕ್ತಿಯಲ್ಲೇ ಶೋಕ, ಕ್ರೋಧ, ಭಯ, ಜುಗುಪ್ಸೆಗಳಿಗೂ ಎಲೆ ಹಾಕಿದೆ. ಅಳುವನ್ನು ಅದು ರೋಗವೆಂದು ಬಗೆಯಲಿಲ್ಲ. ಇಂಥ ಪಾಠ ಹೇಳಿದ ನೆಲದಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ, ಅದೇ ವಯಸ್ಸಿನ ಹುಡುಗರು ಇಂದು ಮುಖದಲ್ಲಿ ಏನೂ ಕಾಣದಂತೆ ಇರುವುದನ್ನು ಕಲಿಯುತ್ತಿದ್ದಾರೆ ಎಂಬುದು ನನಗೆ ಸಂಕಟ.

ಬಚ್ಚಿಡುವುದಕ್ಕೆ ತೆರುವ ಬೆಲೆ

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಇಲ್ಲಿನ ಕಾರ್ಪೊರೇಟ್ ಕಾಲೇಜುಗಳಿಗೆ ಮಕ್ಕಳನ್ನು ಕಳಿಸುವವರು ಕಲ್ಲೆದೆಯವರಲ್ಲ. ಬಾವ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಈ ಫೀಸಿಗೆ ಸಾಲ ಮಾಡಿದ್ದಾರೆ. ತಾನು ಪಟ್ಟ ಪಾಡು ಮಗನಿಗೆ ಬೇಡ ಎನ್ನುವುದಷ್ಟೇ ಅವರ ಆಸೆ. ಇಂಥ ಕಾಲೇಜುಗಳಿಂದಲೇ ರೈತರ, ಆಟೋ ಓಡಿಸುವವರ ಮಕ್ಕಳು ಐಐಟಿಗೆ, ಮೆಡಿಕಲ್‌ಗೆ ಹೋಗಿದ್ದಾರೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಅದೇ ವರ್ಷ ದೇಶದ ಎಲ್ಲ ಐಐಟಿಗಳಲ್ಲಿ ಇದ್ದ ಬಿ.ಟೆಕ್ ಮಟ್ಟದ ಸೀಟುಗಳು 17,740. ಬಾಗಿಲು ಇಷ್ಟು ಕಿರಿದಾದಾಗ ತಂದೆತಾಯಿಗೆ ಹೆದರಿಕೆಯಾಗುವುದು ಸಹಜ. ಲಿಬ್ರಿಯಾದವರಿಗೂ ಮತ್ತೊಂದು ಯುದ್ಧದ ಹೆದರಿಕೆ ಇತ್ತು. ಆ ಹೆದರಿಕೆಯೇ ಔಷಧವಾಯಿತು.

ನಮ್ಮಲ್ಲಿ ಸೂಜಿ ಇಲ್ಲ, ಶೆಡ್ಯೂಲ್ ಇದೆ. ನಸುಕಿಗೆ ಎಬ್ಬಿಸುವ ಗಂಟೆ, ಕ್ಲಾಸು, ಸ್ಟಡಿ ಅವರ್, ವಾರದ ಟೆಸ್ಟು, ಟೆಸ್ಟಿನ ಅಂಕ ನೋಡಿ ಸೆಕ್ಷನ್ ಬದಲಾವಣೆ. ಮೇಲಿನ ಸೆಕ್ಷನ್ನಿನಿಂದ ಕೆಳಗಿಳಿದವನು ಹಾಸಿಗೆಯನ್ನೂ ಗೆಳೆಯರನ್ನೂ ಬದಲಿಸಬೇಕು. ಅಳಬೇಡ ಎಂದು ಯಾರೂ ಅವನಿಗೆ ಹೇಳುವುದಿಲ್ಲ. ಅಳಲು ಹೊತ್ತೂ ಇಲ್ಲ, ಮರೆಯೂ ಇಲ್ಲ, ಅಷ್ಟೆ. ಮನೆಯವರೂ ಫೋನಿನಲ್ಲಿ ಮೊದಲು ಕೇಳುವುದು ರ‍್ಯಾಂಕ್ ಎಷ್ಟು ಎಂದು. ಮಂಗಳೂರು, ಮೂಡುಬಿದಿರೆ, ಬೆಂಗಳೂರಿನ ಪಿಯು ಹಾಸ್ಟೆಲ್ಲುಗಳಲ್ಲಿ ಮಕ್ಕಳನ್ನು ಬಿಟ್ಟವರೂ ಎದೆ ಮುಟ್ಟಿ ನೋಡಿಕೊಳ್ಳಬಹುದು.

ಓದಿಗೆ ಭಾವನೆ ಅಡ್ಡಿ ಎಂಬ ನಂಬಿಕೆ ಈ ಏರ್ಪಾಡಿನ ಬುಡದಲ್ಲಿದೆ. ಅದು ತಪ್ಪು ಎನ್ನಲು ವಿಜ್ಞಾನದ ಆಧಾರವೇ ಇದೆ. ಜೇನ್ ರಿಚರ್ಡ್ಸ್ ಮತ್ತು ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞರು 2000ನೇ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮನ ಕಲಕುವ ದೃಶ್ಯಗಳನ್ನು ಜನರಿಗೆ ತೋರಿಸಿದರು. ಕೆಲವರಿಗೆ, ಒಳಗೆ ಏನೇ ಆಗಲಿ ಮುಖದಲ್ಲಿ ತೋರಿಸಿಕೊಳ್ಳಬೇಡಿ ಎಂದರು. ಆಮೇಲೆ ಪರೀಕ್ಷಿಸಿದಾಗ, ಮುಖ ಬಿಗಿಹಿಡಿದವರ ನೆನಪಿನಲ್ಲಿ ವಿವರಗಳು ಕಡಿಮೆ ಉಳಿದಿದ್ದವು. ಭಾವನೆಯನ್ನು ಹೊರಬಿಡದೆ ಹಿಡಿದಿಟ್ಟಾಗ ಮೈಯೊಳಗಿನ ಒತ್ತಡ ಇಳಿಯುವುದಿಲ್ಲ, ಏರುತ್ತದೆ ಎಂದು ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಅದಕ್ಕೂ ಮುಂಚೆಯೇ ತೋರಿಸಿದ್ದರು. ಬಚ್ಚಿಡುವುದೂ ಒಂದು ಕೆಲಸ. ಪಾಠಕ್ಕೆ ಹೋಗಬೇಕಾದ ಗಮನವನ್ನು ಅದು ತಿನ್ನುತ್ತದೆ.

ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ತಮ್ಮ 1994ರ ಪುಸ್ತಕದಲ್ಲಿ ಒಬ್ಬ ರೋಗಿಯ ಕಥೆ ಹೇಳುತ್ತಾರೆ. ಮೆದುಳಿನ ಮುಂಭಾಗದ ಗೆಡ್ಡೆ ತೆಗೆದ ಮೇಲೆ ಅವನ ಬುದ್ಧಿಯ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇದ್ದವು. ಹೋದದ್ದು ಭಾವನೆ. ಅದರೊಂದಿಗೆ ಬದುಕಿನ ಚಿಕ್ಕಪುಟ್ಟ ತೀರ್ಮಾನ ಮಾಡುವ ಶಕ್ತಿಯೂ ಹೋಯಿತು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ತೂಗುವ ತಕ್ಕಡಿಯೇ ಭಾವನೆ ಎಂಬುದು ಡಮಾಸಿಯೊ ಅವರ ವಾದ. ಲಿಬ್ರಿಯಾದಂಥ ಊರು ನಿಜವಾಗಿ ಇದ್ದಿದ್ದರೆ ಅಲ್ಲಿ ಶಾಂತಿ ಇರುತ್ತಿರಲಿಲ್ಲ, ಬೆಳಗ್ಗೆ ಯಾವ ಅಂಗಿ ಹಾಕಿಕೊಳ್ಳಬೇಕೆಂದು ತೋಚದೆ ಜನ ನಿಂತಿರುತ್ತಿದ್ದರು.

ವಿಶಾಖಪಟ್ಟಣದ ಒಂದು ದಾವೆ

ವಿಜಯವಾಡದಿಂದ ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ವಿಶಾಖಪಟ್ಟಣ. ಅಲ್ಲಿ ಹಾಸ್ಟೆಲಿನಲ್ಲಿದ್ದು ನೀಟ್‌ಗೆ ಓದುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು 2023ರ ಜುಲೈನಲ್ಲಿ ತೀರಿಕೊಂಡಳು. ಬೇರೆ ರಾಜ್ಯದಲ್ಲಿದ್ದ ಅವಳ ತಂದೆ ತನಿಖೆ ಸರಿಯಾಗಿ ಆಗಲಿಲ್ಲವೆಂದು ಕೋರ್ಟಿನ ಮೆಟ್ಟಿಲು ಹತ್ತಿದರು, ಸುಪ್ರೀಂ ಕೋರ್ಟಿನವರೆಗೂ ಹೋದರು. 2025ರ ಜುಲೈ 25ರಂದು ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಅಷ್ಟಕ್ಕೇ ನಿಲ್ಲದೆ ದೇಶದ ಎಲ್ಲ ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲುಗಳಿಗೆ 15 ಮಾರ್ಗಸೂಚಿಗಳನ್ನು ಕೊಟ್ಟಿತು.

ಆ ತೀರ್ಪು ಉಲ್ಲೇಖಿಸಿದ ಎನ್‌ಸಿಆರ್‌ಬಿ ಅಂಕಿಅಂಶದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಪರೀಕ್ಷೆಯಲ್ಲಿ ಫೇಲಾದದ್ದೇ ಕಾರಣವೆಂದು ದಾಖಲಾದ ಸಾವುಗಳು 2,248. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕು ಎಂದಿತು ಕೋರ್ಟು. ಅಂಕ ನೋಡಿ ಮಕ್ಕಳನ್ನು ಬೇರೆಬೇರೆ ಬ್ಯಾಚುಗಳಾಗಿ ಒಡೆಯಬಾರದು, ಎಲ್ಲರೆದುರು ಅವಮಾನಿಸಬಾರದು, ಶಕ್ತಿಮೀರಿದ ಗುರಿ ಹೇರಬಾರದು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು, ತಂದೆತಾಯಿಗೂ ತಿಳಿವಳಿಕೆ ಮೂಡಿಸಬೇಕು, ಸಹಾಯವಾಣಿಯ ನಂಬರನ್ನು ಹಾಸ್ಟೆಲಿನಲ್ಲಿ ಕಾಣುವಂತೆ ಬರೆದಿಡಬೇಕು. ಆ ಸಹಾಯವಾಣಿಯೇ ಟೆಲಿ ಮಾನಸ್, ನಂಬರು 14416. 2022ರ ಅಕ್ಟೋಬರ್ 10ರಂದು ಆರಂಭವಾದ ಇದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ. ಕನ್ನಡದಲ್ಲೂ ಮಾತಾಡಬಹುದು. ಹಗಲಾಗಲಿ, ರಾತ್ರಿಯಾಗಲಿ, ಫೋನು ಎತ್ತುತ್ತಾರೆ. ಈ ಪುಟ ಓದುವ ಮನೆಯಲ್ಲಿ ಓದುವ ಮಕ್ಕಳಿದ್ದರೆ, ಈ ನಂಬರನ್ನು ಅವರ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದುಕೊಡಿ.

ತನ್ನ ಮಗಳಿಗೆ ಏನಾಯಿತೆಂದು ತಿಳಿಯಲು ಹೊರಟ ಒಬ್ಬ ತಂದೆಯಿಂದ ಲಕ್ಷಾಂತರ ಮಕ್ಕಳಿಗೆ ಒಂದು ಆಸರೆ ಸಿಕ್ಕಿತು. ಮಾರ್ಗಸೂಚಿ ಕಾಗದದಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಸರ್ಕಾರಗಳ ಕೆಲಸ. ಗೇಟಿನ ಹೊರಗೆ ಟವೆಲ್ ಹಾಸಿ ಕೂರುವ ನಾವೂ ಅದನ್ನು ಕೇಳಬೇಕು. ಫೀಸಿನ ಕಂತು, ಊಟದ ಪಟ್ಟಿ, ಟೆಸ್ಟಿನ ಅಂಕ ವಿಚಾರಿಸುವಾಗಲೇ ಆಪ್ತಸಮಾಲೋಚಕರು ಯಾರು, ಎಲ್ಲಿ ಕೂರುತ್ತಾರೆ ಎಂದೂ ವಿಚಾರಿಸಬೇಕು.

ಭಾನುವಾರದ ಫೋನು

ಅಂದು ಸಂಜೆ ಐದಕ್ಕೆ ಹುಡುಗ ಒಳಗೆ ಹೋದ. ಗೇಟಿನ ಬಳಿ ಬಾವ ಅವನ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದರು. ಏನೋ ಹೇಳಬೇಕೆಂದಿದ್ದವರು ಚಪ್ಪಲಿ ಸರಿ ಹೊಂದುತ್ತಾ ಎಂದಷ್ಟೇ ಕೇಳಿದರು. ವಾಪಸ್ ಬರುವ ರೈಲಿನಲ್ಲಿ ಗುಂಟೂರು ದಾಟಿದ ಮೇಲೆ ತಾವಾಗಿಯೇ ಅಂದರು: “ನಮ್ಮಪ್ಪಗ ನಾನೂ ಹಿಂಗ ಹೇಳ್ತಿದ್ದೆ. ಆರಾಮ್ ಅದೀನಿ ಅಂತ.”

ಮುಂದಿನ ಭಾನುವಾರ ನಾನು ಬಳ್ಳಾರಿಯಲ್ಲೇ ಇದ್ದೆ. ಫೋನು ಬಂತು. ಯಾವಾಗಲೂ ಅಕ್ಕನಿಗೆ ಕೊಡುವ ಬಾವ ಅಂದು ತಾವೇ ಎತ್ತಿದರು. ಹೆಂಗಿದ್ದೀ ಎಂದು ಕೇಳಲಿಲ್ಲ, ಟೆಸ್ಟಿನ ಮಾತೂ ತೆಗೆಯಲಿಲ್ಲ.

“ಈ ವಾರ ಯಾವುದಕ್ಕ ಬ್ಯಾಸರಾತಪ್ಪ?” ಅಂದರು.

ಆ ಕಡೆಯಿಂದ ಮಾತಿಲ್ಲ. ಸಾಲಿನಲ್ಲಿ ನಿಂತ ಹುಡುಗರ ಗದ್ದಲ ಕೇಳುತ್ತಿತ್ತು. ಐದು ನಿಮಿಷದಲ್ಲಿ ಒಂದು ನಿಮಿಷ ಹಾಗೇ ಹೋಯಿತು. ಬಾವ ಆತುರ ಮಾಡಲಿಲ್ಲ.

ಪಕ್ಕದ ಮಂಚದ ಹುಡುಗ ಊರಿಗೆ ಹೋದವನು ಮತ್ತೆ ಬರಲಿಲ್ಲವಂತೆ. ಓದು ಬಿಟ್ಟನಂತೆ. ಅವನ ಪೆಟ್ಟಿಗೆ ಒಯ್ಯಲು ಅವರಪ್ಪ ಬಂದಿದ್ದರಂತೆ. ರಾತ್ರಿ ಆ ಕಡೆಗೆ ತಿರುಗಿ ಮಲಗಲು ಆಗುತ್ತಿಲ್ಲವಂತೆ. ಹೇಳುತ್ತಾ ಹುಡುಗನ ದನಿ ಒಡೆಯಿತು. ಬಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಟೈಮಾಯಿತೆಂದು ವಾರ್ಡನ್ ಕೂಗುವವರೆಗೂ, ಅಳಬೇಡ ಎಂದು ಅವರು ಒಮ್ಮೆಯೂ ಹೇಳಲಿಲ್ಲ.